ಬೌಲಿಂಗ್‌ನಲ್ಲಿ ಡೆಪ್ತ್ ಇದ್ಯಾ ಇಲ್ವಾ, ಹೀಗೆ ನೋಡಿ

ಡೆಪ್ತ್ ಅಂದ್ರೆ ಮುಖ್ಯ ಬೌಲರ್ ಇಲ್ಲದಿದ್ರೂ ಉಳಿದವರು ನಿಭಾಯಿಸೋ ತಾಕತ್ತು. ಭಾರತದ ಟೆಸ್ಟ್ ಟೀಮ್ ಅನೌನ್ಸ್ ಆದ ತಕ್ಷಣ ಮೊದಲು ನಮ್ಮ ಮುಖ್ಯ ಫಾಸ್ಟ್ ಬೌಲರ್ ಬುಮ್ರಾ ಹೆಸರನ್ನ ಹೊಡೆದು ಹಾಕಿ. ಟೆಸ್ಟ್ ಗೆಲ್ಲೋಕೆ ಬೇಕಾದ 20 ವಿಕೆಟ್ ಉಳಿದವರು ತೆಗೀತಾರಾ ಅಂತ ಕೇಳ್ಕೊಳ್ಳಿ, ಅದೇ ನಿಜವಾದ ಪರೀಕ್ಷೆ. 2025ರಲ್ಲಿ ಇಂಗ್ಲೆಂಡ್‌ನ ಎಜ್‌ಬಾಸ್ಟನ್ ಟೆಸ್ಟಲ್ಲಿ ಬುಮ್ರಾ ಆಡ್ಲಿಲ್ಲ, ಆಕಾಶ್ ದೀಪ್ ಒಬ್ರೇ 10 ವಿಕೆಟ್ ತೆಗೆದ್ರು.

ಆಮೇಲೆ ಹೊಸ ಬಾಲ್ ಬಿಟ್ಟು 40ರಿಂದ 80ನೇ ಓವರ್ ತನಕ ಯಾರು ಹಾಕ್ತಾರೆ ನೋಡಿ, ಯಾಕಂದ್ರೆ ಬಾಲ್ ಹಳೇದಾಗಿ ಪಿಚ್ಚಲ್ಲೂ ಏನೂ ಇಲ್ಲದಾಗ ಮೂರನೇ ನಾಲ್ಕನೇ ಬೌಲರ್ ರನ್ ಬಿಟ್ಕೊಟ್ರೆ ಮೊದಲಿಬ್ಬರು ಕಟ್ಟಿದ ಪ್ರೆಷರ್ ಎಲ್ಲಾ ನೀರಲ್ಲಿ ಹೋಮ ಮಾಡ್ದಂಗೆ. ಎಲ್ಲರೂ ಒಂದೇ ಥರ ಇದ್ರೂ ಕಷ್ಟ, ನಮ್ಮ ಬೆಂಗಳೂರಿನ ಪ್ರಸಿದ್ಧ್ ಎತ್ತರದಿಂದ ಬೌನ್ಸ್ ತೆಗೀತಾರೆ, ಸಿರಾಜ್ ಸೀಮ್ (ಬಾಲ್‌ನ ಹೊಲಿಗೆ) ಮೇಲೆ ಹಾಕ್ತಾರೆ, ಆ ಜೋಡಿನೇ ಅದೇ ಸರಣಿಯ ಓವಲ್ ಟೆಸ್ಟಲ್ಲಿ ಇಂಗ್ಲೆಂಡ್‌ನ ಎರಡನೇ ಇನಿಂಗ್ಸ್‌ನ 9 ವಿಕೆಟ್ ತೆಗೆದಿದ್ದು. ಕೊನೇಲಿ ಗಾಯ ಆಗಿದ್ದ ಇಂಗ್ಲೆಂಡ್‌ನ ವೋಕ್ಸ್ ಒಂದು ಕೈಗೆ ಪಟ್ಟಿ ಕಟ್ಕೊಂಡು ಆ ಕಡೆ ನಿಂತಿದ್ರು, ಸಿರಾಜ್ ಯಾರ್ಕರ್‌ಗೆ ಅಟ್ಕಿನ್ಸನ್ ಸ್ಟಂಪ್ ಹಾರ್ತು, 6 ರನ್‌ನಿಂದ ಗೆದ್ವಿ. ಈಗ್ಲೂ ನೆನೆಸ್ಕೊಂಡ್ರೆ ಮೈ ಜುಂ ಅನ್ನತ್ತೆ!

ಬ್ಯಾಟಿಂಗ್‌ಗೆ ಅಂತ 8ನೇ ನಂಬರ್‌ಗೆ ಆಲ್‌ರೌಂಡರ್ ಹಾಕಿದ್ರೆ ಅವರಿಗೆ ಎಷ್ಟು ಓವರ್ ಕೊಟ್ರು ಅಂತ ಸ್ಕೋರ್‌ಕಾರ್ಡಲ್ಲಿ ನೋಡಿ, ನಾಲ್ಕೈದೇ ಆದ್ರೆ ಒಬ್ಬ ಬೌಲರ್ ಕಮ್ಮಿ ಅಂತಲೇ ಲೆಕ್ಕ.

ಬೆಂಚ್, ಅಂದ್ರೆ ಹೊರಗೆ ಕಾಯ್ತಿರೋ ಬೌಲರ್‌ಗಳನ್ನ ಮರೀಬೇಡಿ. 2021ರಲ್ಲಿ ಆಸ್ಟ್ರೇಲಿಯಾದ ಗಾಬಾ ಟೆಸ್ಟಲ್ಲಿ ನಟರಾಜನ್, ಸುಂದರ್ ಇಬ್ಬರಿಗೂ ಅದೇ ಮೊದಲ ಟೆಸ್ಟ್, ಇಬ್ಬರೂ ಮೊದಲ ಇನಿಂಗ್ಸ್‌ನಲ್ಲಿ ಮೂರ್ಮೂರು ವಿಕೆಟ್ ತೆಗೆದ್ರು. ಅದಕ್ಕೇ ರಣಜಿ, ಇಂಡಿಯಾ ಎ ಮ್ಯಾಚ್‌ಗಳನ್ನೂ ಫಾಲೋ ಮಾಡಿ.