ಇಆರ್‌ಪಿ ಹಾಕಿಸುವ ಮೊದಲು ಸ್ಟೋರ್ ರೂಮಿಗೆ ಹೋಗಿ

ಖರೀದಿ, ಸ್ಟಾಕ್, ಬಿಲ್ಲಿಂಗ್, ಅಕೌಂಟ್ಸ್ ಎಲ್ಲಾ ಒಂದೇ ಕಡೆ ಸಿಗಲಿ ಅಂತ ಇಆರ್‌ಪಿ ಅನ್ನುವ ಸಾಫ್ಟ್‌ವೇರ್ ಹಾಕಿಸುತ್ತೇವೆ. ಮಾತು ಶುರುವಾದ ಕೂಡಲೇ ಮಾಲೀಕರು ಡೆಮೊ ನೋಡಲು ಕೂರುತ್ತಾರೆ. ನನ್ನ ಕೇಳಿದರೆ, ಮೊದಲು ಸ್ಟೋರ್ ರೂಮಿಗೆ ಹೋಗಬೇಕು.

ನಾನಿದ್ದ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂದೇ ಬೋಲ್ಟಿಗೆ ಎಕ್ಸೆಲ್‌ನಲ್ಲಿ ಮೂರು ಹೆಸರಿತ್ತು: ‘ಎಂ8 ಬೋಲ್ಟ್’, ‘ಬೋಲ್ಟ್ 8 ಎಂಎಂ’, ‘ಹೆಕ್ಸ್ ಬೋಲ್ಟ್ ಎಂ8’. ಅದನ್ನೇ ಹೊಸ ಸಾಫ್ಟ್‌ವೇರಿಗೆ ತುಂಬಿದೆವು. ಒಂದು ಹೆಸರಿನಲ್ಲಿ ಸ್ಟಾಕ್ ಸೊನ್ನೆ ಅಂತ ಬಂತು, ಪರ್ಚೇಸ್‌ನವರು ಆರ್ಡರ್ ಹಾಕಿದರು. ಮಾಲು ರ‍್ಯಾಕಿನಲ್ಲೇ ಇತ್ತು! ಸಾಲದ್ದಕ್ಕೆ, ಕೊಳ್ಳುವುದು ಕೆಜಿ ಲೆಕ್ಕ, ಒಳಗೆ ಕೊಡುವುದು ಎಣಿಕೆ ಲೆಕ್ಕ. ಒಂದು ಕೆಜಿಗೆ ಎಷ್ಟು ಬೋಲ್ಟ್ ಅಂತ ಯಾರೂ ತುಂಬಿರಲಿಲ್ಲ.

ಹಾಗಾಗಿ ಮೊದಲ ಕೆಲಸ ಸ್ಟಾಕಿನ ಪಟ್ಟಿ ಚೊಕ್ಕ ಮಾಡುವುದು. ಒಂದು ವಸ್ತುವಿಗೆ ಒಂದೇ ಕೋಡ್, ಒಂದೇ ಹೆಸರು. ಪಕ್ಕದಲ್ಲಿ ಅಳತೆ, ಜಿಎಸ್‌ಟಿಗೆ ವಸ್ತುವಿನ ವರ್ಗ ಹೇಳುವ ಎಚ್‌ಎಸ್‌ಎನ್ ಕೋಡ್, ಇಟ್ಟಿರುವ ಜಾಗ. ಸಪ್ಲೈಯರ್‌ಗಳ 15 ಅಕ್ಷರದ ಜಿಎಸ್‌ಟಿ ನಂಬರನ್ನೂ ಸರಿನೋಡಿ. ಬೇಜಾರಿನ ಕೆಲಸವೇ. ಆದರೆ ಸಾಫ್ಟ್‌ವೇರ್ ಮಾರುವ ವೆಂಡರ್‌ನ ಹುಡುಗರ ತಲೆಗೆ ಕಟ್ಟಬೇಡಿ, ಅವರಿಗೆ ನಿಮ್ಮ ಬೋಲ್ಟ್ ಗೊತ್ತಿಲ್ಲ.

ಆಮೇಲೆ ‘ನಮ್ಮಲ್ಲಿ ಹಿಂಗೇ ಮಾಡೋದು’ ಅಂತ ಸಾಫ್ಟ್‌ವೇರನ್ನೇ ತಿದ್ದಿಸುವ ಹಟ. ಜರ್ಮನಿಯ ಸೂಪರ್‌ಮಾರ್ಕೆಟ್ ಕಂಪನಿ ಲಿಡ್ಲ್ 2011ರಲ್ಲಿ ಎಸ್‌ಎಪಿ ಅನ್ನುವ ಇಆರ್‌ಪಿ ಹಾಕಿಸುವ ಕೆಲಸ ಶುರು ಮಾಡಿತು. ಲಿಡ್ಲ್ ಸ್ಟಾಕಿಗೆ ಕೊಂಡ ಬೆಲೆ ಕಟ್ಟುತ್ತಿತ್ತು, ಸಾಫ್ಟ್‌ವೇರ್ ಮಾರುವ ಬೆಲೆ ಹಿಡಿಯುತ್ತಿತ್ತು. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ತಿದ್ದುವುದು ಮುಗಿಯಲಿಲ್ಲ. ಸುಮಾರು 50 ಕೋಟಿ ಯೂರೋ ಸುರಿದು 2018ರಲ್ಲಿ ಕೈಬಿಟ್ಟಿತು. ತಿದ್ದಲೇಬೇಕಾದದ್ದು ಏನೇನು ಅಂತ ಒಂದೇ ಹಾಳೆಯಲ್ಲಿ ಬರೆಯಿರಿ. ಎರಡನೇ ಹಾಳೆ ಬೇಕಾದರೆ ಬೇರೆ ಸಾಫ್ಟ್‌ವೇರ್ ನೋಡುವುದೇ ವಾಸಿ.

ಚಾಲೂ ಮಾಡುವ ದಿನಕ್ಕೆ ಹಬ್ಬದ ಸೀಸನ್ನೂ ಬೇಡ, ಮಾರ್ಚ್ ಕೊನೆಯೂ ಬೇಡ. ಅಮೆರಿಕದ ಹರ್ಶೀಸ್ ಚಾಕೊಲೇಟ್ ಕಂಪನಿ ನಾಲ್ಕು ವರ್ಷದ ಕೆಲಸವನ್ನು 30 ತಿಂಗಳಿಗೆ ಇಳಿಸಿ, 1999ರ ಜುಲೈನಲ್ಲಿ ಹೊಸ ವ್ಯವಸ್ಥೆ ಶುರು ಮಾಡಿತು. ಹ್ಯಾಲೋವೀನ್ ಹಬ್ಬದ ಆರ್ಡರ್‌ಗಳು ಬರುವ ಹೊತ್ತು ಅದು. ಗೋದಾಮಿನಲ್ಲಿ ಮಾಲಿತ್ತು, ಆದರೂ ಸುಮಾರು 10 ಕೋಟಿ ಡಾಲರ್‌ನ ಆರ್ಡರ್ ಕಳಿಸಲಾಗಲಿಲ್ಲ. ನಮ್ಮ ಬೋಲ್ಟಿನ ಕಥೆಯೇ, ಅಲ್ವಾ?

ಟ್ರೈನಿಂಗ್‌ನಲ್ಲಿ ಮ್ಯಾನೇಜರ್ ಅಲ್ಲ, ಸ್ಟೋರ್‌ಕೀಪರ್ ಕೂರಬೇಕು. ಎಂಟ್ರಿ ಅವರೇ ಮಾಡಲಿ, ಪಕ್ಕದಲ್ಲಿ ನಿಂತು ಸುಮ್ನೆ ನೋಡಿ. ವರ್ಷದ ವಹಿವಾಟು 5 ಕೋಟಿ ರೂಪಾಯಿ ದಾಟಿದ್ದರೆ, ಬೇರೆ ವ್ಯಾಪಾರಿಗಳಿಗೆ ಕೊಡುವ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ ಕಡ್ಡಾಯ, ಅದನ್ನೂ ಪರೀಕ್ಷಿಸಿ. ಒಂದು ಪೂರ್ತಿ ತಿಂಗಳು ಹಳೆಯದು, ಹೊಸದು ಎರಡೂ ಓಡಲಿ.

ತಿಂಗಳ ಕೊನೆಗೆ ಸ್ಟಾಕ್ ಪ್ರಿಂಟ್ ತೆಗೆದು ಯಾವುದಾದರೂ ಇಪ್ಪತ್ತು ವಸ್ತು ಆರಿಸಿ, ರ‍್ಯಾಕಿನ ಮುಂದೆ ನಿಂತು ಎಣಿಸಿ. ಲೆಕ್ಕ ಕೂಡದಿದ್ದರೆ ಪೂರ್ತಿ ಹೊಸದಕ್ಕೆ ಹೋಗುವ ದಿನ ಮುಂದೂಡಿ. ವೆಂಡರ್ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ ಬಿಡಿ.