ಸೆಕೆಗೆ ಒಂದು ಬಟ್ಟಲು ಬೊಂಡದ ಜೆಲ್ಲಿ

ಮಂಗಳೂರಿನ ಸೆಕೆಯನ್ನು ಘಟ್ಟದ ಮೇಲಿನವರಿಗೆ ಹೇಳಿ ಅರ್ಥ ಮಾಡಿಸುವುದು ಕಷ್ಟ. ಮೊಬೈಲಿನಲ್ಲಿ ನೋಡಿದರೆ 34, 35 ಡಿಗ್ರಿ ಅಷ್ಟೇ. "ಇಷ್ಟೇನಾ? ನಮ್ಮ ಕಲಬುರಗಿಗೆ ಬನ್ನಿ" ಅನ್ನುತ್ತಾರೆ. ಆದರೆ ಇಲ್ಲಿ ಬೆವರು ಆರುವುದೇ ಇಲ್ಲ. ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಒದ್ದೆ. ಮೇ ತಿಂಗಳ ಮಧ್ಯಾಹ್ನ ಊಟದ ಕೊನೆಗೆ ಪಾಯಸದ ಪಾತ್ರೆ ತಂದರೆ ಎಲ್ಲರೂ ಕೈ ಅಡ್ಡ ಹಿಡಿಯುತ್ತಾರೆ. ಹಾಗಂತ ರಜೆಯಲ್ಲಿ ಮುಂಬೈ, ಬೆಂಗಳೂರಿನಿಂದ ನೆಂಟರು ಬಂದಿರುವಾಗ ಸಿಹಿ ಇಲ್ಲದೆ ಊಟ ಮುಗಿಸಲಿಕ್ಕೂ ಮನಸ್ಸು ಬರುವುದಿಲ್ಲ.

ಐಸ್‌ಕ್ರೀಮ್ ತಂದರೆ ಮುಗೀತಲ್ವಾ ಅನ್ನಬಹುದು. ಐಸ್‌ಕ್ರೀಮಿನ ಊರೇ ಇದು. ಐಡಿಯಲ್‌ನವರು 1975ರಿಂದ ಇಲ್ಲಿದ್ದಾರೆ. ಗಡ್‌ಬಡ್ ಅಂದರೆ ನನಗೂ ಪ್ರಾಣ. ಆದರೆ ಅದನ್ನು ತಿಂದು ಸ್ವಲ್ಪ ಹೊತ್ತಿಗೆ ತಂಬಿಗೆ ನೀರು ಬೇಕಾಗುತ್ತದೆ. ಕೆನೆ, ಸಕ್ಕರೆ ಜಾಸ್ತಿ ಇದ್ದರೆ ಹಾಗೆಯೇ. ನನಗೆ ಬೇಕಿದ್ದದ್ದು ತಿಂದ ಮೇಲೆ ಬಾಯಾರಿಕೆ ಆಗದ ಸಿಹಿ. ಅದಕ್ಕೆ ಹಾಲು, ಕಸ್ಟರ್ಡ್, ಕ್ರೀಮ್ ಎಲ್ಲ ಬಿಟ್ಟೆ. ನೀರಿನ ಅಂಶ ಜಾಸ್ತಿ, ಹದ ಹುಳಿ, ಚಿಟಿಕೆ ಉಪ್ಪು. ಬೊಂಡ, ಅಂದರೆ ಎಳನೀರು, ಮತ್ತು ಪುನರ್ಪುಳಿ (ಕೋಕಂ ಹಣ್ಣು) ಇರುವಾಗ ಬೇರೆ ಹುಡುಕಬೇಕಾಗಿಯೂ ಇಲ್ಲ.

ಬೊಂಡ ತರುವಾಗ ಅಂಗಡಿಯವರು ಕೇಳುತ್ತಾರೆ, "ಅಕ್ಕಾ, ನೀರಿನದ್ದಾ, ಗಂಜಿ ಇದ್ದದ್ದಾ?" ಗಂಜಿ ಅಂದರೆ ಒಳಗಿನ ಎಳೆ ತಿರುಳು. ನಾನು ಎರಡೂ ತರುತ್ತೇನೆ. ನೀರಿನದ್ದು ಜೆಲ್ಲಿಗೆ. ತೆಳು ಗಂಜಿಯದ್ದು ಒಂದು ಇದ್ದರೆ ಗಂಜಿಯನ್ನು ಉದ್ದಕ್ಕೆ ಸೀಳಿ ಜೆಲ್ಲಿಯ ಒಳಗೇ ಹಾಕಬಹುದು. ಗಂಜಿ ದಪ್ಪವಾಗಿ ಕಾಯಿಯ ಹಾಗೆ ಕಚ್ಚಬೇಕಾಗಿ ಬಂದರೆ ಅದು ಇದಕ್ಕೆ ಬೇಡ, ಸುಮ್ನೆ ತಿಂದುಬಿಡಿ. ಬೊಂಡವನ್ನು ತಣ್ಣಗಿನ ಸಿಹಿ ಮಾಡಿ ದೊಡ್ಡ ಹೆಸರು ಮಾಡಿದವರು ನಮ್ಮ ಮೂಲ್ಕಿಯ ರಘುನಂದನ್ ಕಾಮತ್. 1984ರಲ್ಲಿ ಮುಂಬೈಯ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದವರು. ಅವರ ಎಳನೀರು ಐಸ್‌ಕ್ರೀಮಿನಲ್ಲಿ ಹಾಲು ಮತ್ತು ಗಂಜಿಯದ್ದು ದೊಡ್ಡ ಪಾಲು. ನನ್ನದರಲ್ಲಿ ನೀರಿನದ್ದು.

ಬೊಂಡದ ನೀರು ಒಡೆದ ದಿನವೇ ಬಳಸಬೇಕು. ಹೊರಗೆ ಇಟ್ಟರೆ ಕೆಲವೇ ಗಂಟೆಯಲ್ಲಿ ಹುಳಿ ವಾಸನೆ ಬರುತ್ತದೆ. ಕೆಲವೊಮ್ಮೆ ನಸುಗೆಂಪು ಬಣ್ಣಕ್ಕೂ ತಿರುಗುತ್ತದೆ. ಬಣ್ಣ ಬಂದ ಮಾತ್ರಕ್ಕೆ ಹಾಳಾಯಿತು ಅಂತ ಅಲ್ಲ, ಗಾಳಿ ತಾಗಿ ಹಾಗಾಗುವುದು. ಮೂಗಿಗೆ ಹಿಡಿದು ನೋಡಿ, ವಾಸನೆ ಸರಿ ಇಲ್ಲದಿದ್ದರೆ ಮಾತ್ರ ಚೆಲ್ಲಿ.

ಗಟ್ಟಿ ಮಾಡುವುದು ಚೈನಾ ಗ್ರಾಸ್. ಸಮುದ್ರದ ಪಾಚಿಯಿಂದ ತೆಗೆಯುವಂಥದ್ದು. ಅಂಗಡಿಯಲ್ಲಿ ಬಿಳಿ ಎಳೆಗಳಾಗಿ ಅಥವಾ ಪುಡಿಯಾಗಿ ಸಿಗುತ್ತದೆ. ಜೆಲಾಟಿನ್ ನಾನು ಮುಟ್ಟುವುದಿಲ್ಲ. ಅದು ಪ್ರಾಣಿಗಳ ಚರ್ಮ, ಎಲುಬಿನಿಂದ ಬರುವುದು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನಮ್ಮ ಸೆಕೆ. ಜೆಲಾಟಿನ್ ಮೈ ಬಿಸಿಗಿಂತ ಕಡಿಮೆ ಶಾಖಕ್ಕೇ ಕರಗತೊಡಗುತ್ತದೆ. ಫ್ರಿಜ್‌ನಿಂದ ತೆಗೆದು ಬಡಿಸಿ, ಮಾತಾಡುತ್ತಾ ಕೂತರೆ ಬಟ್ಟಲಲ್ಲಿ ಶರಬತ್ತು ಉಳಿಯುತ್ತದೆ. ಚೈನಾ ಗ್ರಾಸ್ ಹಾಗಲ್ಲ. ಅದು 35ರಿಂದ 40 ಡಿಗ್ರಿಗೆ ಇಳಿದಾಗ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ಕರಗಬೇಕಾದರೆ ಸುಮಾರು 85 ಡಿಗ್ರಿ ಬೇಕು. ಕರೆಂಟು ಹೋಗಿ ಫ್ರಿಜ್ ನಿಂತರೂ ಜೆಲ್ಲಿ ನಿಂತೇ ಇರುತ್ತದೆ. ಮೇ ತಿಂಗಳಲ್ಲಿ ಇದು ಸಣ್ಣ ವಿಷಯ ಅಲ್ಲ ಮಾರಾಯ್ರೇ.

ಅಳತೆ ಹೀಗೆ. ಮುಕ್ಕಾಲು ಲೀಟರ್ ಬೊಂಡದ ನೀರಿಗೆ ಕಾಲು ಲೀಟರ್ ಸಾದಾ ನೀರು. ಒಟ್ಟು ಒಂದು ಲೀಟರಿಗೆ 8 ಗ್ರಾಂ ಎಳೆ. 10 ಗ್ರಾಂ ಹಾಕಿದರೆ ಚಾಕುವಿನಿಂದ ಚೌಕ ಕತ್ತರಿಸುವಷ್ಟು ಗಟ್ಟಿ ಬರುತ್ತದೆ. ಮದುವೆ ಮನೆಯ ಹಲ್ವದ ಹಾಗೆ ಜೋಡಿಸಿ ಇಡಬೇಕು ಅನ್ನುವವರಿಗೆ ಅದು ಸರಿ. ನನಗೆ ಚಮಚ ತಾಗಿದರೆ ಅಲುಗಬೇಕು, ನಾಲಿಗೆ ಮೇಲೆ ತಾನಾಗಿ ಒಡೆಯಬೇಕು. ಪುಡಿಯಾದರೆ ಅರ್ಧ ಲೀಟರಿಗೆ ಒಂದು ಸಪಾಟು ಟೀ ಚಮಚ, ಅಂದರೆ ಹತ್ತಿರ ಹತ್ತಿರ 2 ಗ್ರಾಂ ಸಾಕು.

ಎಳೆಗಳನ್ನು ಕತ್ತರಿಸಿ ಆ ಕಾಲು ಲೀಟರ್ ಸಾದಾ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ನಂತರ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ ಕುದಿಸಿ. ಪೂರ್ತಿ ಕರಗಬೇಕು. ಸೌಟು ಎತ್ತಿ ಬೆಳಕಿಗೆ ಹಿಡಿದರೆ ಒಂದು ಎಳೆಯೂ ಕಾಣಬಾರದು. ಇಲ್ಲಿ ಅವಸರ ಮಾಡಿದರೆ ಜೆಲ್ಲಿಯಲ್ಲಿ ನೂಲು ನೂಲು ಸಿಗುತ್ತದೆ. ಮೂರು ದೊಡ್ಡ ಚಮಚ ಸಕ್ಕರೆ, ಒಂದು ಚಿಟಿಕೆ ಉಪ್ಪು ಇದರಲ್ಲೇ ಹಾಕಿ ಕರಗಿಸಿ, ಸೋಸಿ.

ಬೊಂಡದ ನೀರನ್ನು ಮಾತ್ರ ಕುದಿಸಬೇಡಿ. ಕುದಿದರೆ ಆ ಎಳೆ ಘಮ ಹೋಗಿ ಬೇಯಿಸಿದ ತೆಂಗಿನಕಾಯಿಯ ರುಚಿ ಬರುತ್ತದೆ. ಹಾಗಂತ ಫ್ರಿಜ್‌ನಲ್ಲಿಟ್ಟ ನೀರನ್ನೂ ಸುರಿಯಬಾರದು. ತಣ್ಣಗಿನ ನೀರು ತಾಗಿದ ಕೂಡಲೇ ಚೈನಾ ಗ್ರಾಸ್ ಅಲ್ಲಲ್ಲೇ ಗಂಟು ಕಟ್ಟುತ್ತದೆ. ಬೊಂಡದ ನೀರನ್ನು ಬೆರಳು ಇಡುವಷ್ಟು ಬಿಸಿ ಮಾಡಿ, ಒಲೆಯಿಂದ ಇಳಿಸಿದ ಚೈನಾ ಗ್ರಾಸಿಗೆ ಕಲಕುತ್ತಾ ಸೇರಿಸಿ. ಹದ ನೋಡಲು ಸ್ಟೀಲ್ ತಟ್ಟೆಯ ಮೇಲೆ ಒಂದು ಚಮಚ ಹಾಕಿ ಫ್ರಿಜ್‌ನಲ್ಲಿಡಿ. ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಮೆತ್ತಗೆ ಅನಿಸಿದರೆ ಸ್ವಲ್ಪ ಚೈನಾ ಗ್ರಾಸ್ ಬೇರೆ ಕುದಿಸಿ ಸೇರಿಸಬಹುದು. ಗಟ್ಟಿಯಾದರೆ ಇನ್ನೊಂದು ಲೋಟ ಬೊಂಡದ ನೀರು. ಬಿಸಿ ಇರುವಾಗ ರುಚಿ ನೋಡುವುದಾದರೆ ಒಂದು ಚೂರು ಹೆಚ್ಚೇ ಸಿಹಿ ಇರಲಿ. ತಣ್ಣಗಾದ ಮೇಲೆ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ.

ಇನ್ನು ಪುನರ್ಪುಳಿ. ನಮ್ಮಲ್ಲಿ ಇದರ ಸಾರು, ಶರಬತ್ತು ಎಲ್ಲರ ಮನೆಯಲ್ಲೂ ಉಂಟು. ಏಪ್ರಿಲ್, ಮೇನಲ್ಲಿ ಹಣ್ಣು ಕೆಂಪಾಗಿ ಬರುತ್ತದೆ. ಎರಡು ಹೋಳು ಮಾಡಿ ಬೀಜ ತೆಗೆದು, ಗಾಜಿನ ಭರಣಿಯಲ್ಲಿ ಒಂದು ಪದರ ಸಿಪ್ಪೆ, ಒಂದು ಪದರ ಸಕ್ಕರೆ ತುಂಬಿಸಿ ಬಿಸಿಲಿಗೆ ಇಡುತ್ತೇನೆ. ತೂಕದಲ್ಲಿ ಸಿಪ್ಪೆಗಿಂತ ಸಕ್ಕರೆ ಕಡಿಮೆ ಆಗಬಾರದು, ಆದರೆ ಹುದುಗು ಬಂದು ಕೆಡುತ್ತದೆ. ಒಂದು ವಾರದಲ್ಲಿ ಕಡು ಕೆಂಪು ಪಾಕ ಬಿಟ್ಟಿರುತ್ತದೆ. ಒಲೆ ಹಚ್ಚಬೇಕಾಗಿಯೇ ಇಲ್ಲ. ಹಣ್ಣು ಸಿಗದವರು ಒಣಗಿದ ಸಿಪ್ಪೆಯನ್ನು ಬಿಸಿ ನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ, ಸಕ್ಕರೆ ಹಾಕಿ ಪಾಕ ಮಾಡಿಕೊಳ್ಳಬಹುದು. ಉಪ್ಪು ಹಾಕಿ ಒಣಗಿಸಿದ್ದಾದರೆ ಮೊದಲು ತೊಳೆಯಿರಿ.

ಈ ಪಾಕವನ್ನು ಜೆಲ್ಲಿಯ ಮೇಲೆ ಬಿಡುವುದು, ಒಳಗೆ ಕುದಿಸುವುದಲ್ಲ. ಹುಳಿಯ ಜೊತೆ ಕುದಿದರೆ ಚೈನಾ ಗ್ರಾಸಿನ ಶಕ್ತಿ ಕುಂದುತ್ತದೆ. ಕೆಂಪು ಪದರವೇ ಬೇಕು ಅನ್ನುವವರು ಒಲೆಯಿಂದ ಇಳಿಸಿದ ಮೇಲೆ ಪಾಕ ಸೇರಿಸಿ. ಎರಡನೇ ಪದರ ಸುರಿಯುವಾಗ ಕೆಳಗಿನದ್ದರ ಮುಖ ಮಾತ್ರ ಗಟ್ಟಿಯಾಗಿರಬೇಕು. ಪೂರ್ತಿ ತಣ್ಣಗಾದ ಮೇಲೆ ಸುರಿದರೆ ಎರಡೂ ಹಿಡಿದುಕೊಳ್ಳುವುದಿಲ್ಲ, ಬಡಿಸುವಾಗ ಜಾರಿ ಬೇರೆಯಾಗುತ್ತವೆ.

ಹಣ್ಣಿನಲ್ಲಿ ನನ್ನ ಮೊದಲ ಆಯ್ಕೆ ಈರೋಳ್. ಬೇರೆ ಕಡೆ ತಾಟಿನುಂಗು ಅನ್ನುತ್ತಾರಲ್ಲ, ಅದೇ. ಮಾರ್ಚ್ ಬಂತೆಂದರೆ ಹೆದ್ದಾರಿ ಬದಿಯಲ್ಲಿ ಕತ್ತಿ ಹಿಡಿದು ಕಾಯಿ ಕೊಚ್ಚಿ ಕೊಡುತ್ತಾರೆ. ಎಳತ್ತು ನೋಡಿ ತನ್ನಿ, ಒತ್ತಿದರೆ ಒಳಗೆ ನೀರು ಅಲುಗಬೇಕು. ಬಲಿತದ್ದು ರಬ್ಬರಿನಂತೆ. ಮೇಲಿನ ಕಂದು ಪೊರೆಯಲ್ಲಿ ಒಗರು ಇರುತ್ತದೆ, ಉಗುರಿನಿಂದ ಎಬ್ಬಿಸಿ ಸುಲಿಯಬೇಕು. ಬೇಜಾರಿನ ಕೆಲಸ. ನಮ್ಮನೆಯಲ್ಲಿ ಅದನ್ನು ರಜೆಗೆ ಬಂದ ಮಕ್ಕಳಿಗೆ ಕೊಡುತ್ತೇನೆ. ಅರ್ಧ ಅವರ ಹೊಟ್ಟೆಗೇ ಹೋಗುತ್ತದೆ, ಅದಕ್ಕೆ ಲೆಕ್ಕಕ್ಕಿಂತ ಜಾಸ್ತಿ ತರುವುದು.

ಎರಡನೆಯದು ಬಚ್ಚಂಗಾಯಿ, ಅಂದರೆ ಕಲ್ಲಂಗಡಿ. ಸಣ್ಣ ತುಂಡು ಮಾಡಿ, ಬೀಜ ತೆಗೆದು, ಬೇರೆ ಡಬ್ಬಿಯಲ್ಲಿ ತಣ್ಣಗೆ ಇಡಿ. ಸಕ್ಕರೆ, ಉಪ್ಪು ಮೊದಲೇ ಹಾಕಿದರೆ ಅರ್ಧ ಗಂಟೆಯಲ್ಲಿ ನೀರು ಬಿಟ್ಟು ತುಂಡು ಸೊರಗುತ್ತದೆ. ಅನಾನಸು ಹಸಿಯಾಗಿಯೇ ಹಾಕಬಹುದು. ಜೆಲಾಟಿನ್ ಆದರೆ ಹಸಿ ಅನಾನಸು, ಪಪ್ಪಾಯಿ ಸೇರಿದಾಗ ಗಟ್ಟಿಯಾಗುವುದೇ ಇಲ್ಲ. ಚೈನಾ ಗ್ರಾಸಿಗೆ ಆ ತಕರಾರಿಲ್ಲ.

ಬಾಳೆಹಣ್ಣು ಬೇಡ. ಕಪ್ಪಾಗುತ್ತದೆ, ಮತ್ತೆ ಅದರ ಪರಿಮಳ ಬೇರೆ ಎಲ್ಲವನ್ನೂ ನುಂಗುತ್ತದೆ. ಚಿಕ್ಕು ಹಾಕಿದರೆ ಬಟ್ಟಲು ಕೆಸರು ಕೆಸರಾಗಿ ಕಾಣುತ್ತದೆ. ಮಾವಿನ ಹಣ್ಣಿನ ಬಗ್ಗೆ ಮನೆಯಲ್ಲಿ ಪ್ರತಿ ವರ್ಷ ಚರ್ಚೆ. "ಮುಂಡಪ್ಪ ಇರುವಾಗ ಇದಕ್ಕೆ ಹಾಕದೆ ಎಂತ ಮಾಡ್ತಿ?" ಎಂದು ಅತ್ತೆ ಕೇಳುತ್ತಾರೆ. ಒಳ್ಳೆಯ ಮುಂಡಪ್ಪವನ್ನು ಕತ್ತರಿಸಿ ಹಾಗೇ ತಿನ್ನಬೇಕು ಅನ್ನುವುದು ನನ್ನ ವಾದ. ಈ ಬಟ್ಟಲಿನಲ್ಲಿ ಅದು ಬಂದರೆ ಬೊಂಡವನ್ನು ಕೇಳುವವರಿಲ್ಲ.

ಬಡಿಸುವಾಗ ತಳಕ್ಕೆ ಜೆಲ್ಲಿಯನ್ನು ಚಮಚದಲ್ಲಿ ಒಡೆದು ಹಾಕುತ್ತೇನೆ. ಮೇಲೆ ಈರೋಳ್, ಬಚ್ಚಂಗಾಯಿ. ಅದರ ಮೇಲೆ ಎರಡು ಚಮಚ ಪುನರ್ಪುಳಿ ಪಾಕ. ಬೇಕಾದವರಿಗೆ ಸ್ವಲ್ಪ ತೆಳು ತೆಂಗಿನ ಹಾಲು. ದನದ ಹಾಲು ಮಾತ್ರ ಹತ್ತಿರ ತರಬೇಡಿ, ಪುನರ್ಪುಳಿಯ ಹುಳಿಗೆ ಒಡೆದು ಹೋಗುತ್ತದೆ. ತೆಂಗಿನ ಹಾಲು ಸೇರಿದರೆ ಚಂದದ ಗುಲಾಬಿ ಬಣ್ಣ ಬರುತ್ತದೆ. ಕೊಂಕಣಿಯವರ ಸೋಲ ಕಡಿ ಕುಡಿದವರಿಗೆ ಆ ಬಣ್ಣ ಗೊತ್ತು.

ಪುನರ್ಪುಳಿಯ ಹುಳಿ ಆಗದವರಿಗೆ ಇಬ್ಬುಡ್ಲು ಹಣ್ಣು ಇದೆ, ಕರಬೂಜದ ಜಾತಿಯದ್ದು. ಅದಕ್ಕೆ ಸ್ವಂತ ರುಚಿ ಕಡಿಮೆ, ಬೆಲ್ಲ ಬೇಕೇ ಬೇಕು. ಚಮಚದಲ್ಲಿ ಕೆರೆದು, ಬೆಲ್ಲ, ತೆಂಗಿನ ಹಾಲು, ಏಲಕ್ಕಿ ಹಾಕಿ ರಸಾಯನದ ಹಾಗೆ ಕಲಸಿ ತಣ್ಣಗೆ ಮಾಡಿ ಜೆಲ್ಲಿಯ ಮೇಲೆ ಹಾಕಿ. ನಮ್ಮ ಮಾವನಿಗೆ ಇದೇ ಹೆಚ್ಚು ಇಷ್ಟ. ಕೆಂಪು ಪಾಕದ್ದು "ಹೋಟೆಲಿನ ಹಾಗೆ ಉಂಟು" ಅನ್ನುತ್ತಾರೆ. ಹೊಗಳಿಕೆಯೋ ದೂರೋ ಕೇಳಲಿಕ್ಕೆ ಹೋಗಿಲ್ಲ.

ಜೆಲ್ಲಿ ಮುಚ್ಚಿಟ್ಟರೆ ಮರುದಿನಕ್ಕೂ ಚೆನ್ನಾಗಿರುತ್ತದೆ. ಆಮೇಲೆ ಸುತ್ತ ನೀರು ಬಿಡಲು ಶುರುವಾಗುತ್ತದೆ. ಫ್ರೀಜರ್‌ನಲ್ಲಿ ಇಡಬೇಡಿ, ಕರಗಿದಾಗ ಸ್ಪಂಜಿನಂತೆ ತೂತು ತೂತು. ಕತ್ತರಿಸಿದ ಹಣ್ಣು ಅದೇ ದಿನ ಖಾಲಿ ಮಾಡಿ. ತೆಂಗಿನ ಹಾಲನ್ನು ಬಡಿಸುವ ಹೊತ್ತಿಗೆ ಹಿಂಡಿ, ಈ ಸೆಕೆಗೆ ಅದು ಬೇಗ ಹಳಸುತ್ತದೆ. ಪುನರ್ಪುಳಿ ಪಾಕ ಮಾತ್ರ ಒದ್ದೆ ಚಮಚ ತಾಗದಿದ್ದರೆ ಫ್ರಿಜ್‌ನಲ್ಲಿ ಮುಂದಿನ ಬೇಸಿಗೆಯವರೆಗೂ ಬರುತ್ತದೆ, ಮಕ್ಕಳ ಕಣ್ಣಿಗೆ ಬೀಳದಿದ್ದರೆ.