ದಡಾರ ಅನ್ನಿಸಿದರೆ ಕ್ಲಿನಿಕ್‌ಗೆ ಹೋಗುವ ಮೊದಲು ಫೋನ್ ಮಾಡಿ

ಎಲ್ಲರಿಗೂ ನಮಸ್ಕಾರ. ಚಿಕ್ಕ ಮಕ್ಕಳಿರುವ ಮನೆಯವರು ದಯವಿಟ್ಟು ಇದನ್ನು ಓದಿ.

ದಡಾರ ಶುರುವಿನಲ್ಲಿ ಥೇಟ್ ನೆಗಡಿಯ ಹಾಗೇ ಕಾಣುತ್ತದೆ. ಜೋರು ಜ್ವರ, ಕೆಮ್ಮು, ಸೋರುವ ಮೂಗು. ಆದರೆ ಕಣ್ಣು ಕೂಡ ಕೆಂಪಾಗಿ ನೀರು ಸುರಿಯುತ್ತದೆ, ಅದನ್ನು ಗಮನಿಸಿ. ಕೆನ್ನೆಯ ಒಳಗೆ ರವೆ ಕಾಳಿನಂಥ ಬಿಳಿ ಚುಕ್ಕೆ ಕಂಡರೆ ಅನುಮಾನ ಇನ್ನೂ ಜಾಸ್ತಿ. ಕೆಂಪು ದದ್ದು ಏಳುವುದು ಮೂರ್ನಾಲ್ಕು ದಿನ ಆದಮೇಲೆ. ಮುಖ, ಕಿವಿಯ ಹಿಂದೆ ಶುರುವಾಗಿ ಮೈಯೆಲ್ಲ ಇಳಿಯುತ್ತದೆ.

ತೊಂದರೆ ಇರುವುದು ಇಲ್ಲೇ. ದದ್ದು ಏಳುವ 4 ದಿನ ಮೊದಲೇ ಮಗುವಿನಿಂದ ಸೋಂಕು ಹರಡುತ್ತಿರುತ್ತದೆ, ಎದ್ದ ಮೇಲೂ 4 ದಿನ. ಕೆಮ್ಮಿದ ಗಾಳಿಯಲ್ಲಿ ವೈರಸ್ 2 ಗಂಟೆವರೆಗೂ ಉಳಿಯಬಹುದು. ಅಂದರೆ ಮಗು ಎದ್ದು ಹೋದ ಕೋಣೆಗೆ ಆಮೇಲೆ ಬಂದವರಿಗೂ ಅಂಟಬಹುದು. ಹಾಗಾಗಿ ಕ್ಲಿನಿಕ್‌ನಲ್ಲಿ ಸುಮ್ನೆ ಹೋಗಿ ಕೂರಬೇಡಿ. ಮೊದಲೇ ಫೋನ್ ಮಾಡಿ ಹೇಳಿ. ಅಲ್ಲಿ ಲಸಿಕೆಯ ವಯಸ್ಸಾಗದ ಕೂಸುಗಳು, ಬಸುರಿಯರು ಇರುತ್ತಾರೆ ಅಲ್ವಾ?

"ಅಮ್ಮ ಬಂದಿದೆ" ಎಂದು ಬೇವಿನ ಸೊಪ್ಪು ಕಟ್ಟುವ ಮನೆಗಳಿವೆ. ಪೂಜೆ ಬೇಡ ಎನ್ನುವುದಿಲ್ಲ, ಆದರೆ ಡಾಕ್ಟರಿಗೂ ತೋರಿಸಲೇಬೇಕು. ದಡಾರ ಬಂದ ಮಕ್ಕಳಿಗೆ ವಿಟಮಿನ್ ಎ ಕೊಡುತ್ತಾರೆ, ಅಳತೆ ಅವರೇ ಹೇಳಲಿ. ಮಗು ಏದುಸಿರು ಬಿಡುತ್ತಿದ್ದರೆ, ಹಾಲು ನೀರು ಬಿಟ್ಟರೆ, ಫಿಟ್ಸ್ ಬಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಇವತ್ತೇ ತಾಯಿ ಕಾರ್ಡ್ ತೆಗೆದು ನೋಡಿ. ಎಂಆರ್ (ದಡಾರ-ರುಬೆಲ್ಲಾ) ಲಸಿಕೆ 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ತಪ್ಪಿದ್ದರೂ 5 ವರ್ಷದೊಳಗೆ ಹಾಕಿಸಬಹುದು, ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.